ಚಿತ್ರ ಸುಧಾರಿಸಿತು, ರೋಗಿ?

ಹೃದಯಕ್ಕಿರುವಂತೆ ಮಿದುಳಿಗೂ ಬೈಪಾಸ್ ಶಸ್ತ್ರಚಿಕಿತ್ಸೆ ಇದೆ. ಕಣತಲೆಯಲ್ಲಿ ಬೆರಳಿಗೆ ಮಿಡಿತ ಸಿಗುವ ಧಮನಿಯನ್ನು ಬಿಡಿಸಿಕೊಂಡು, ತಲೆಬುರುಡೆಯಲ್ಲಿ ಕಿಂಡಿ ಮಾಡಿ, ಮಿದುಳಿನ ಮೇಲ್ಮೈಯ ಧಮನಿಯೊಂದಕ್ಕೆ ಹೊಲಿಯುತ್ತಾರೆ. 1967ರಲ್ಲಿ ಜ್ಯೂರಿಕ್‌ನಲ್ಲಿ ಯಾಸರ್ಗಿಲ್ ಇದನ್ನು ಮೊದಲು ಮಾಡಿದರು. ಕತ್ತಿನ ಕ್ಯಾರೊಟಿಡ್ ಧಮನಿ ಮುಚ್ಚಿಹೋದವರಿಗೆ ಹೊಸ ದಾರಿಯಿಂದ ರಕ್ತ ಒದಗಿಸಿದರೆ ಪಾರ್ಶ್ವವಾಯು ತಪ್ಪೀತು ಎಂಬುದು ತರ್ಕ.

1985ರಲ್ಲಿ ಪ್ರಕಟವಾದ, 1377 ರೋಗಿಗಳ ಅಧ್ಯಯನ ಈ ತರ್ಕಕ್ಕೆ ಪೆಟ್ಟು ಕೊಟ್ಟಿತು. ಹೊಲಿದ ನಾಳಗಳಲ್ಲಿ ಶೇ. 96ರಷ್ಟು ತೆರೆದೇ ಇದ್ದವು. ಪಾರ್ಶ್ವವಾಯು ಮಾತ್ರ ಕಡಿಮೆಯಾಗಲಿಲ್ಲ. ಟೀಕಾಕಾರರು ಎತ್ತಿದ ಆಕ್ಷೇಪ ನ್ಯಾಯವಾದದ್ದೇ: ಆಂಜಿಯೊಗ್ರಾಮ್ ನಾಳವನ್ನು ತೋರಿಸುತ್ತದೆ, ಮಿದುಳಿಗೆ ನಿಜಕ್ಕೂ ಕೊರತೆ ಇದೆಯೇ ಎಂಬುದನ್ನಲ್ಲ. ಕೊರತೆ ಇಲ್ಲದವರಿಗೂ ಬೈಪಾಸ್ ಮಾಡಿದ್ದರೆ ಲಾಭ ಕಾಣುವುದು ಹೇಗೆ?

ಕೊರತೆಯನ್ನು ಅಳೆಯಲು ಪಾಸಿಟ್ರಾನ್ ಟೊಮೊಗ್ರಫಿ ಬಂತು. ರಕ್ತದ ಒತ್ತಡ ಇಳಿದಾಗ ಮಿದುಳಿನ ಕಿರುಧಮನಿಗಳು ಮೊದಲು ಹಿಗ್ಗಿ ಹರಿವನ್ನು ಕಾಯ್ದುಕೊಳ್ಳುತ್ತವೆ. ಹಿಗ್ಗುವುದಕ್ಕೂ ಮಿತಿ ಇದೆ. ಅದು ಮುಗಿದ ಮೇಲೆ ಹರಿವು ಇಳಿಯುತ್ತದೆ. ಆಗ ಅಂಗಾಂಶವು ಬಂದ ರಕ್ತದಿಂದಲೇ ಹೆಚ್ಚು ಆಕ್ಸಿಜನ್ ಹೀರುತ್ತದೆ. ಸಾಮಾನ್ಯವಾಗಿ ಶೇ. 30–40ರಷ್ಟಿರುವ ಈ ಹೀರಿಕೆ ಏರಿದೆ ಎಂದರೆ ಮಿದುಳು ಅಂಚಿನಲ್ಲಿದೆ ಎಂದರ್ಥ. ಇದನ್ನು ಅಳೆಯಲು ಬೇಕಾದ ಆಕ್ಸಿಜನ್-15ರ ಅರ್ಧಾಯು ಸುಮಾರು 2 ನಿಮಿಷ. ಹಾಗಾಗಿ ಸೈಕ್ಲೋಟ್ರಾನ್ ಪಕ್ಕದಲ್ಲೇ ಇರಬೇಕು.

ಹೀಗೆ ಆಯ್ದ 195 ರೋಗಿಗಳ ಮೇಲೆ ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ರೋಗವಿರುವ ಬದಿಯ ಹೀರಿಕೆಯನ್ನು ಇನ್ನೊಂದು ಬದಿಯದಕ್ಕೆ ಹೋಲಿಸಿದ ಅನುಪಾತ ಶಸ್ತ್ರಚಿಕಿತ್ಸೆಯ ನಂತರ 1.258ರಿಂದ 1.109ಕ್ಕೆ ಇಳಿದಿತ್ತು. ಚಿತ್ರದ ಮಟ್ಟಿಗೆ ಇದು ಗೆಲುವು. ಆದರೆ ಎರಡು ವರ್ಷಗಳ ಲೆಕ್ಕದಲ್ಲಿ ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಶೇ. 21.0, ಪಡೆಯದವರಲ್ಲಿ ಶೇ. 22.7 ಮಂದಿ ಪಾರ್ಶ್ವವಾಯು ಅಥವಾ ಸಾವಿಗೆ ತುತ್ತಾಗಿದ್ದರು. ಮೊದಲ 30 ದಿನಗಳಲ್ಲೇ ಅದೇ ಬದಿಯ ಪಾರ್ಶ್ವವಾಯು ಶೇ. 14.4 ಮತ್ತು ಶೇ. 2.0. ಅಂದರೆ ಮುಂದೆ ಬರಬಹುದಾಗಿದ್ದ ಅಪಾಯವನ್ನು ಶಸ್ತ್ರಚಿಕಿತ್ಸೆ ಮೊದಲ ತಿಂಗಳಿಗೇ ತಂದಿತ್ತು.

ಬಿಂಬ ಸುಳ್ಳು ಹೇಳಿತೆ? ಇಲ್ಲ. ಕೇಳಿದ ಪ್ರಶ್ನೆಗೆ ಅದು ಸರಿಯಾಗಿಯೇ ಉತ್ತರಿಸಿತು. ಆ ಉತ್ತರವನ್ನು ಬೇರೊಂದು ಪ್ರಶ್ನೆಗೆ ಅಂಟಿಸುವುದು ನಮ್ಮ ಅವಸರ. ಅನುಪಾತ ಎಂಬ ಅಳತೆಯಲ್ಲೂ ದೌರ್ಬಲ್ಯವಿದೆ: ಎರಡೂ ಬದಿಯಲ್ಲಿ ಕೊರತೆ ಇದ್ದರೆ ಅನುಪಾತ ಒಂದರ ಹತ್ತಿರವೇ ಉಳಿಯುತ್ತದೆ. ಸ್ಕ್ಯಾನ್‌ಗಳ ಕೆಂಪು, ನೀಲಿ ಬಣ್ಣಗಳಂತೂ ತಂತ್ರಾಂಶ ಬಳಿದವು. ಅಂಕಿಯ ಮಾಪಕವಿಲ್ಲದ ಬಣ್ಣದ ಚಿತ್ರವನ್ನು ತರಗತಿಯಲ್ಲಿ ಪುರಾವೆಯೆಂದು ತೋರಿಸಬಾರದು.

ಹಾಗೆಂದು ಶಸ್ತ್ರಚಿಕಿತ್ಸೆಯ ನಂತರದ ಬಿಂಬಗಳು ವ್ಯರ್ಥವಲ್ಲ. ಮೋಯಾಮೋಯಾ ರೋಗದಲ್ಲಿ ಬೈಪಾಸ್ ಆದ ಕೆಲದಿನಗಳಲ್ಲಿ ಮಾತು ತೊದಲಿದರೆ ಕಾರಣ ರಕ್ತದ ಕೊರತೆಯೂ ಇರಬಹುದು, ಅತಿಹರಿವೂ ಇರಬಹುದು. ಅತಿಹರಿವಾದರೆ ರಕ್ತದೊತ್ತಡ ಇಳಿಸಬೇಕು. ಕೊರತೆಯಾದರೆ ಇಳಿಯದಂತೆ ನೋಡಿಕೊಳ್ಳಬೇಕು. ಹರಿವಿನ ಸ್ಕ್ಯಾನ್ ಇಲ್ಲದೆ ಇಲ್ಲಿ ನಿರ್ಧಾರ ಕಷ್ಟ.

2023ರಲ್ಲಿ ಚೀನಾದ ಪರೀಕ್ಷೆಯೊಂದು ಪ್ರಕಟವಾಯಿತು. ಅದರಲ್ಲಿ ರೋಗಿಗಳನ್ನು ಸಿ.ಟಿ. ಪರ್ಫ್ಯೂಷನ್ ಮೂಲಕ ಆಯ್ದಿದ್ದರು. ಫಲಿತಾಂಶ ಶೇ. 8.6 ಮತ್ತು ಶೇ. 12.3, ಸಂಖ್ಯಾಶಾಸ್ತ್ರದ ಪ್ರಕಾರ ಈ ಅಂತರ ಗಣನೀಯವಲ್ಲ. ಆದರೆ ಮೊದಲ 30 ದಿನ ದಾಟಿದ ಮೇಲೆ ಅದೇ ಬದಿಯ ಪಾರ್ಶ್ವವಾಯು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ. 2.0, ಇನ್ನೊಂದರಲ್ಲಿ ಶೇ. 10.3. ಸ್ಕ್ಯಾನಿನ ಸೂಕ್ಷ್ಮತೆಗಿಂತ ಆ ಮೊದಲ ತಿಂಗಳೇ ಇನ್ನೂ ಬಗೆಹರಿಯದ ಗಂಟು.