ಕೊಬ್ಬರಿ ಎಣ್ಣೆಯ ಬಗ್ಗೆ ಸಂಶೋಧನೆ ನಿಜಕ್ಕೂ ಹೇಳಿದ್ದೇನು?

ಪೊಳ್ಳಾಚಿ, ಉಡುಮಲೆ ಕಡೆ ಮನೆಯಲ್ಲಿ ಕನ್ನಡ ಆಡುವವರಲ್ಲಿ ತೆಂಗನ್ನೇ ನಂಬಿ ಬದುಕುವವರಿದ್ದಾರೆ. ಅಂಥ ಮನೆಯಲ್ಲಿ ಯಾರಿಗಾದರೂ ಹೃದಯದ ಕಾಯಿಲೆ ಅಂತ ಗೊತ್ತಾದರೆ ಏಳುವ ಪ್ರಶ್ನೆ: ಕೊಬ್ಬರಿ ಎಣ್ಣೆ ಬಿಡಬೇಕಾ? ಬಿಡಿ ಅನ್ನೋರೂ ಬೇಡ ಅನ್ನೋರೂ ‘ಸಂಶೋಧನೆ ಹೇಳಿದೆ’ ಅಂತಲೇ ಶುರು ಮಾಡ್ತಾರೆ.

2018ರಲ್ಲಿ ಫ್ರೈಬರ್ಗ್‌ನ ಉಪನ್ಯಾಸವೊಂದರಲ್ಲಿ ಕರೀನ್ ಮಿಶೆಲ್ಸ್ ಇದನ್ನು ಶುದ್ಧ ವಿಷ ಎಂದರು. ಆ ಮಾತು ಹಿಂತೆಗೆದುಕೊಳ್ಳಬೇಕೆಂದು ಭಾರತದ ತೋಟಗಾರಿಕೆ ಆಯುಕ್ತರು ಹಾರ್ವರ್ಡ್‌ಗೆ ಪತ್ರ ಬರೆದರು. ಒಂದು ಉಪನ್ಯಾಸದ ಮಾತು, ಇನ್ನೊಂದು ಬೆಳೆಯ ಹೊಣೆ ಹೊತ್ತವರ ಮಾತು. ಎರಡನ್ನೂ ಪಕ್ಕಕ್ಕಿಟ್ಟು ಪ್ರಯೋಗಗಳನ್ನು ನೋಡೋಣ.

2016ರಲ್ಲಿ ಪ್ರಕಟವಾದ ಕೊಚ್ಚಿಯ ಅಧ್ಯಯನದಲ್ಲಿ 200 ಹೃದ್ರೋಗಿಗಳು ಎರಡು ವರ್ಷ ಕೊಬ್ಬರಿ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ ಬಳಸಿದರು. ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಇದನ್ನೇ ‘ಅಪಾಯವಿಲ್ಲ’ ಅಂತ ಓದೋದು ತಪ್ಪು. ಅವರೆಲ್ಲ ಚಿಕಿತ್ಸೆಯಲ್ಲಿದ್ದವರು, ಇಷ್ಟು ಕಡಿಮೆ ಜನರಲ್ಲಿ ಹೃದಯಾಘಾತದ ಸಣ್ಣ ಹೆಚ್ಚಳ ಕಣ್ಣಿಗೆ ಬೀಳೋದೇ ಕಷ್ಟ.

2018ರ ಬ್ರಿಟನ್ ಪ್ರಯೋಗದಲ್ಲಿ ಆರೋಗ್ಯವಂತರು ನಾಲ್ಕು ವಾರ ದಿನಕ್ಕೆ 50 ಗ್ರಾಂ ತಿಂದರು. ಬೆಣ್ಣೆ ಎಲ್‌ಡಿಎಲ್ ಏರಿಸಿತು. ಕೊಬ್ಬರಿ ಎಣ್ಣೆ ಆಲಿವ್ ಎಣ್ಣೆಗಿಂತ ಬೇರೆಯಾಗಿ ಕಾಣಲಿಲ್ಲ. ಆದರೆ 2020ರಲ್ಲಿ 16 ಪ್ರಯೋಗಗಳನ್ನು ಒಟ್ಟುಗೂಡಿಸಿದಾಗ, ಸೂರ್ಯಕಾಂತಿ, ಸೋಯಾ ಥರದ ಎಣ್ಣೆಗಳಿಗಿಂತ ಕೊಬ್ಬರಿ ಎಣ್ಣೆಯಲ್ಲಿ ಎಲ್‌ಡಿಎಲ್ ಡೆಸಿಲೀಟರಿಗೆ ಸುಮಾರು 10 ಮಿಲಿಗ್ರಾಂ ಹೆಚ್ಚಿತ್ತು, ಎಚ್‌ಡಿಎಲ್ 4.

‘ಒಳ್ಳೆಯದೂ ಏರಿತಲ್ಲ’ ಅನ್ನಬಹುದು. ಆದರೆ ಎಚ್‌ಡಿಎಲ್ ಏರಿಸುವ ಔಷಧಿಗಳು ಹೃದಯಾಘಾತ ತಗ್ಗಿಸಲಿಲ್ಲ. ಎಲ್‌ಡಿಎಲ್ ಇಳಿಸುವ ಔಷಧಿಗಳು ತಗ್ಗಿಸಿವೆ. ಹಾಗಾಗಿ ನನ್ನ ಓದಿನಲ್ಲಿ 2020ರ ವಿಶ್ಲೇಷಣೆಯ ತೂಕ ಹೆಚ್ಚು. ಅದರ ಮಿತಿಯನ್ನೂ ಹೇಳಬೇಕು: ಅದು ಅಳೆದದ್ದು ರಕ್ತದ ಕೊಬ್ಬನ್ನು, ಹೃದಯಾಘಾತವನ್ನಲ್ಲ.

ಅಂದರೆ ‘ವಿಷ’ ಅನ್ನೋದಕ್ಕೂ ‘ಅಮೃತ’ ಅನ್ನೋದಕ್ಕೂ ಆಧಾರವಿಲ್ಲ. ಪ್ರತಿ ಸಲ ಕೇಳಬೇಕಾದದ್ದು ಇಷ್ಟು: ಯಾವುದಕ್ಕೆ ಹೋಲಿಸಿ, ಎಷ್ಟು ಪ್ರಮಾಣ, ಎಷ್ಟು ದಿನ, ಯಾರಲ್ಲಿ, ಏನನ್ನು ಅಳೆದರು? ಬೆಣ್ಣೆಗೆ ಹೋಲಿಸಿದ ಫಲಿತಾಂಶ ತೋರಿಸಿ ಸೂರ್ಯಕಾಂತಿ ಎಣ್ಣೆಯ ವಾದ ಗೆಲ್ಲೋಕಾಗಲ್ಲ. ಎಣ್ಣೆಯ ಪ್ರಯೋಗ ತೋರಿಸಿ ಚಟ್ನಿಯ ಕಾಯಿಯನ್ನೂ ನಿಷೇಧಿಸೋಕಾಗಲ್ಲ. ಕಾಯಿಯಲ್ಲಿ ನಾರಿದೆ, ಅದರ ಪರೀಕ್ಷೆಯೇ ಬೇರೆ.

ಹೃದ್ರೋಗಿ ಇರುವ ಮನೆಯಲ್ಲಿ ದಿನದ ಅಡುಗೆಗೆ ಬೇರೆ ಎಣ್ಣೆ ಬಳಸೋದು ಸರಿ ಅಂತ ನನಗನ್ನಿಸುತ್ತೆ. ಅದರಿಂದ ತೋಟದ ಮರ್ಯಾದೆಗೇನೂ ಕುಂದಿಲ್ಲ. ಯಾವ ಎಣ್ಣೆಯ ನಂಬಿಕೆಯ ಮೇಲೂ ಮಾತ್ರೆ ನಿಲ್ಲಿಸಬಾರದು. ಇದಕ್ಕೆ ಆಕ್ಷೇಪಣೆ ಇರುವವರು ಈಗ ಮೈಕ್ ಆನ್ ಮಾಡಿ.