ನೇಗಿಲ ಹಾಡು, ಚೋಮನ ದುಡಿ

ಮೇ ತಿಂಗಳ ಮೊದಲನೆಯ ದಿನವು ಶ್ರಮಿಕರ ದಿನವೆಂಬುದನ್ನು ನಮ್ಮ ಮಕ್ಕಳು ಅರಿಯುವ ಸಂದರ್ಭವೇ ಒದಗುವುದಿಲ್ಲ. ಸ್ವಾತಂತ್ರ್ಯ ದಿನಕ್ಕೆ ಧ್ವಜವುಂಟು, ಮಿಠಾಯಿಯುಂಟು. ಗಾಂಧಿ ಜಯಂತಿಗೆ ಭಜನೆಯುಂಟು. ಮೇ ದಿನವಾದರೋ ಬೇಸಿಗೆಯ ರಜೆಯ ನಡುವೆ ಬರುತ್ತದೆ, ಶಾಲೆಯ ಬಾಗಿಲು ಮುಚ್ಚಿರುತ್ತದೆ. ಆ ಹೊತ್ತಿಗೆ ರೊಳ್ಳದ ಸುತ್ತಿನ ಊರುಗಳಲ್ಲಿ ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ತಾಯಂದಿರ ಪಕ್ಕದಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿರುತ್ತಾರೆ. ಆದುದರಿಂದ ದುಡಿಮೆಯ ಗೌರವವೆಂಬುದನ್ನು ಅವರು ಕಲಿಯುವುದೆಲ್ಲವೂ ಕನ್ನಡ ಪಾಠಗಳಿಂದಲೇ. ಆ ಪಾಠಗಳನ್ನು ಸಾಮಾನ್ಯವಾಗಿ ಓದಿಸುವ ರೀತಿಯನ್ನು ಕುರಿತು ಎರಡು ಮಾತು ಬರೆಯಲು ಇಚ್ಛಿಸುತ್ತೇವೆ.

ಮೊದಲು ಆ ದಿನದ ಮೂಲ. 1886ರ ಮೇ 1ರಂದು ಅಮೆರಿಕದ ಚಿಕಾಗೊ ಮೊದಲಾದ ನಗರಗಳಲ್ಲಿ ಕಾರ್ಮಿಕರು ಕೆಲಸ ನಿಲ್ಲಿಸಿ, ದಿನಕ್ಕೆ ಎಂಟು ಗಂಟೆಯ ದುಡಿಮೆ ಸಾಕೆಂದು ಕೇಳಿದರು. 1889ರಲ್ಲಿ ಪ್ಯಾರಿಸಿನಲ್ಲಿ ಸೇರಿದ ಸಮ್ಮೇಳನವು ಆ ಬೇಡಿಕೆಯನ್ನು ಎಲ್ಲ ದೇಶಗಳ ಮೇ ದಿನವನ್ನಾಗಿಸಿತು. ಭಾರತದಲ್ಲಿ ಮೊದಲು ಅದನ್ನು ಆಚರಿಸಿದವರು ಸಿಂಗಾರವೇಲು ಚೆಟ್ಟಿಯಾರರು, 1923ರಲ್ಲಿ, ಮದರಾಸಿನಲ್ಲಿ. ನಮ್ಮ ಮಡಕಶಿರಾ ಸೀಮೆಯೂ ಆಗ ಮದರಾಸು ಆಧಿಪತ್ಯದಲ್ಲಿಯೇ ಇದ್ದಿತು. ಆ ಹಬ್ಬದ ಬುಡದಲ್ಲಿರುವುದು ಸ್ತೋತ್ರವಲ್ಲ, ಲೆಕ್ಕ: ಎಷ್ಟು ಹೊತ್ತಿನ ದುಡಿಮೆ, ಎಷ್ಟು ವಿಶ್ರಾಂತಿ ಎಂಬ ಲೆಕ್ಕ.

ನಮ್ಮ ಪಾಠಗಳಲ್ಲಿ ಸ್ತೋತ್ರವು ಧಾರಾಳವಾಗಿದೆ. ಶ್ರೀ ಕುವೆಂಪು ಅವರ ‘ನೇಗಿಲ ಯೋಗಿ’ಯನ್ನು ಹಾಡದ ಕನ್ನಡ ಶಾಲೆಯುಂಟೆ? ಹೊಲದಲ್ಲಿ ಮೈಬಗ್ಗಿಸಿದ ರೈತನನ್ನು ತಪಸ್ವಿಯ ಪೀಠಕ್ಕೇರಿಸಿದುದು ಕವಿಯ ಹಿರಿಮೆ. ರೈತನನ್ನು ಹೀನಾಯವಾಗಿ ಕಾಣುತ್ತಿದ್ದ ಸಮಾಜಕ್ಕೆ ಆ ಮಾತು ಬೇಕಾಗಿತ್ತು, ಈಗಲೂ ಬೇಕು. ಆದರೆ ಯೋಗಿಗೆ ಕೂಲಿಯಿಲ್ಲ. ಯೋಗಿಯ ಹೊಲ ಯಾರದೆಂದು ಯಾರೂ ಕೇಳುವುದಿಲ್ಲ. ಹಾಡನ್ನು ಹಾಡಿಸಿ, ಭಾವಾರ್ಥ ಬರೆಯಿಸಿ ಅಲ್ಲಿಗೇ ನಿಲ್ಲಿಸಿದರೆ, ಕೂಲಿಯವರ ಮಗುವಿಗೆ ತನ್ನ ತಂದೆಯ ಬೆನ್ನುನೋವೂ ಒಂದು ಯೋಗವೆಂದು ತೋರಬಹುದು.

ಈ ಹಾಡಿನ ಪಕ್ಕದಲ್ಲಿ ಶ್ರೀ ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಇಟ್ಟು ಓದಬೇಕೆಂಬುದು ನಮ್ಮ ಅಭಿಪ್ರಾಯ. 1933ರಲ್ಲಿ ಪ್ರಕಟವಾದ ಕಿರಿದಾದ ಕಾದಂಬರಿಯದು. ಭೋಗನಹಳ್ಳಿಯ ಚೋಮನಿಗೆ ಜೀವನದಲ್ಲಿ ಒಂದೇ ಆಸೆ: ತುಂಡು ಭೂಮಿ ಸಿಕ್ಕಿ, ತಾನೂ ನೇಗಿಲು ಹಿಡಿಯಬೇಕು. ಅವನ ಬಳಿ ಎತ್ತುಗಳುಂಟು. ಅವನ ಜಾತಿಯವರಿಗೆ ಬೇಸಾಯ ಸಲ್ಲದೆಂಬ ಕಟ್ಟು ಮಾತ್ರ ಅಡ್ಡಬರುತ್ತದೆ. ಒಡೆಯ ಸಂಕಪ್ಪಯ್ಯನ ಮನಸ್ಸು ತುಸು ಕರಗಿದರೂ ಮನೆಯ ಹಿರಿಯರ ಸಂಪ್ರದಾಯ ಕರಗುವುದಿಲ್ಲ. ಒಬ್ಬ ಕವಿ ನೇಗಿಲು ಹಿಡಿದವನನ್ನು ಯೋಗಿಯೆಂದರು. ಒಬ್ಬ ಕಾದಂಬರಿಕಾರರು ನೇಗಿಲನ್ನು ಮುಟ್ಟಗೊಡದಿದ್ದವನ ಕಥೆಯನ್ನು ಬರೆದರು. ಎರಡನೆಯದನ್ನು ಓದಿದ ಮೇಲೆ ಮೊದಲನೆಯದನ್ನು ಹಾಡುವ ಕಂಠ ಬೇರೆಯೇ ಆಗುತ್ತದೆ.

ಕಾರಂತರ ಹಿರಿಮೆ ಇನ್ನೊಂದಿದೆ. ಅವರು ಕಣ್ಣೀರಿನೊಡನೆ ಲೆಕ್ಕವನ್ನೂ ಇಡುತ್ತಾರೆ. ಕಾಫಿ ತೋಟದ ಸಾಲ ಚೋಮನ ಗುಡಿಸಿಲಿನ ಬಾಗಿಲಿಗೆ ಬರುತ್ತದೆ. ಅದನ್ನು ತೀರಿಸಲು ಮಕ್ಕಳು ಘಟ್ಟ ಹತ್ತುತ್ತಾರೆ. ಚನಿಯ ಜ್ವರ ಹೊತ್ತು ಬಂದು ಸಾಯುತ್ತಾನೆ, ಗುರುವ ಮರಳುವುದಿಲ್ಲ. ಕಡೆಗೆ ಬೆಳ್ಳಿ ಹೋಗುತ್ತಾಳೆ. ಸಾಲವೇನೋ ತೀರುತ್ತದೆ, ಆದರೆ ಅವಳ ದುಡಿಮೆಯಿಂದಲ್ಲ. ಇಲ್ಲಿ ಲೇಖಕರು ದನಿಯೇರಿಸದೆ ಬರೆದಿರುವ ಸಂಯಮವನ್ನು ಅಧ್ಯಾಪಕರು ಗಮನಿಸಬೇಕು. ಜೀತಪದ್ಧತಿಯನ್ನು ಕಾನೂನಿನಿಂದ ನಿಷೇಧಿಸಿದುದು 1976ರಲ್ಲಿ, ಎಂದರೆ ಈ ಪುಸ್ತಕ ಬಂದು ನಾಲ್ವತ್ತಮೂರು ವರ್ಷಗಳ ತರುವಾಯ.

ಇನ್ನು ವಚನಗಳ ಮಾತು. ಕಾಯಕವನ್ನು ಕೈಲಾಸಕ್ಕೆ ಸಮಗಟ್ಟಿದ ಆಯ್ದಕ್ಕಿ ಮಾರಯ್ಯನ ಹೆಸರು ಹೇಳಿ, ಸಿಕ್ಕಿದ್ದರಲ್ಲಿ ತೃಪ್ತಿಪಡಬೇಕೆಂದು ಮಕ್ಕಳಿಗೆ ಬೋಧಿಸುವುದುಂಟು. ಇದು ಅರ್ಧ ಓದು. ಮಾರಯ್ಯನ ಕಾಯಕ ತಾನಾಗಿ ಆರಿಸಿಕೊಂಡದ್ದು. ಅದರ ಫಲ ದಾಸೋಹಕ್ಕೆ ಸಲ್ಲುತ್ತಿತ್ತು. ಒಡೆಯನ ಹೊಲದಲ್ಲಿ, ಒಡೆಯ ಹೇಳಿದ ಕೂಲಿಗೆ ದುಡಿಯುವವನಿಗೆ ಅದನ್ನೇ ಉಪದೇಶಿಸುವುದು ನ್ಯಾಯವೆ? ಒಂದು ದಿನ ಗಂಡ ಹೆಚ್ಚು ಅಕ್ಕಿ ತಂದನೆಂದು ಲಕ್ಕಮ್ಮನು ಹಿಂದಕ್ಕೆ ಕಳುಹಿಸಿದಳೆಂಬ ಕಥೆ ಎಲ್ಲರಿಗೂ ಗೊತ್ತು. ಆ ತಾಯಿ ಅಳತೆ ಬಲ್ಲವಳು. ಹೆಚ್ಚಾದುದನ್ನು ಕಂಡುಹಿಡಿದ ಕಣ್ಣು ಕಡಿಮೆಯಾದುದನ್ನು ಕಾಣದಿರುತ್ತಿತ್ತೆ?

ಇಂಥ ದುಃಖದ ಕಾದಂಬರಿ ಎಳೆಯರಿಗೇಕೆ ಎನ್ನುವವರಿದ್ದಾರೆ. ಪ್ರಾಥಮಿಕ ತರಗತಿಯಲ್ಲಿ ಪುಸ್ತಕವನ್ನಿಡೀ ಓದಿಸಬೇಕೆಂದು ನಾವು ಹೇಳುತ್ತಿಲ್ಲ. ಎತ್ತುಗಳಿದ್ದೂ ಉಳಲಾರದವನ ಕಥೆಯಷ್ಟನ್ನು ಬಾಯಲ್ಲಿ ಹೇಳಿದರೆ ಸಾಕು. ಪ್ರೌಢಶಾಲೆಯವರು ತಾವೇ ಓದಿಕೊಳ್ಳಬಲ್ಲರು. ಬಿ. ವಿ. ಕಾರಂತರು 1975ರಲ್ಲಿ ನಿರ್ದೇಶಿಸಿದ ಚಲನಚಿತ್ರವೂ ಇದೆ, ಆದರೆ ಪುಸ್ತಕವೇ ಮೊದಲು.

ಓದಿಸುವವರಿಗೆ ಒಂದು ಸೂಚನೆ. ದುಡಿಯೆಂಬ ವಾದ್ಯ ದಕ್ಷಿಣ ಕನ್ನಡದ್ದು. ತಮಟೆ, ಉರುಮೆಗಳನ್ನು ಬಲ್ಲ ನಮ್ಮ ಸೀಮೆಯ ಮಕ್ಕಳಿಗೆ ಅದು ಅಪರಿಚಿತ. ಹೆಸರು ಕೇಳಿದೊಡನೆ ಅವರು ದುಡಿ ಎಂದರೆ ಕೆಲಸ ಮಾಡು ಎಂದೇ ತಿಳಿಯುತ್ತಾರೆ. ಅದನ್ನು ಕೂಡಲೇ ತಿದ್ದುವ ಆತುರ ಬೇಡ. ಚೋಮನು ದುಡಿ ಬಾರಿಸುತ್ತಲೇ ಪ್ರಾಣ ಬಿಡುವ ಕಡೆಯ ಪುಟಗಳಿಗೆ ಬರುವವರೆಗೆ ಎರಡು ಅರ್ಥಗಳೂ ಅವರ ಕಿವಿಯಲ್ಲಿ ಉಳಿದಿರಲಿ.