ಒಂದೇ ಒತ್ತಿನ ಅನುಮೋದನೆ

ಆಸ್ರವದ ವಿಚಾರ ಬಂದಾಗಲೆಲ್ಲ ನಮ್ಮ ಆಚಾರ್ಯರು ಕೃತ, ಕಾರಿತ, ಅನುಮತ ಎಂಬ ಮೂರು ಮಾತುಗಳನ್ನು ಒಟ್ಟಿಗೇ ಹೇಳುತ್ತಾರೆ. ತಾನು ಮಾಡಿದ್ದು ಒಂದು, ಪರರಿಂದ ಮಾಡಿಸಿದ್ದು ಇನ್ನೊಂದು, ಪರರು ಮಾಡುವುದನ್ನು ಸರಿಯೆಂದು ಒಪ್ಪಿದ್ದು ಮತ್ತೊಂದು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಜೀವಾಧಿಕರಣದ 108 ಭೇದಗಳನ್ನು ಎಣಿಸುವ ಕ್ರಮ ವಾಚಕರಿಗೆ ತಿಳಿದದ್ದೇ. ಸಂರಂಭ, ಸಮಾರಂಭ, ಆರಂಭಗಳೆಂಬ ಮೂರನ್ನು ಮನೋವಾಕ್ಕಾಯಗಳಿಂದಲೂ, ಕೃತಕಾರಿತಾನುಮತಗಳಿಂದಲೂ, ಕ್ರೋಧಾದಿ ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ ಆ ಸಂಖ್ಯೆ ಬರುತ್ತದೆ. ಅವುಗಳಲ್ಲಿ 36 ಭೇದಗಳು ಕೇವಲ ಅನುಮೋದನೆಗೆ ಸೇರಿದವು. ತಾನೇನೂ ಮಾಡದೆ, ಯಾರಿಂದಲೂ ಮಾಡಿಸದೆ, ಬರಿದೆ ತಲೆದೂಗಿದ್ದಕ್ಕೆ ಲೆಕ್ಕ ಬೀಳುವಂಥವು.

ಈ ಹಳೆಯ ಗಣಿತ ನನಗೆ ಮತ್ತೆ ನೆನಪಾದದ್ದು ಶಾಸ್ತ್ರಸಭೆಯಲ್ಲಲ್ಲ, ಕೈಯಲ್ಲಿದ್ದ ಮೊಬೈಲಿನ ಮುಂದೆ. ರೋಗಿಗಳು, ರೋಗಿಗಳ ಮನೆಯವರು, ಮಕ್ಕಳನ್ನು ಕಳೆದುಕೊಂಡ ತಾಯಿತಂದೆಯರು, ಕುಡಿತ ಬಿಡಲು ಹೆಣಗುವವರು ಇಂದು ಅಂತರ್ಜಾಲದಲ್ಲಿ ಬಳಗ ಕಟ್ಟಿಕೊಂಡು ಒಬ್ಬರಿಗೊಬ್ಬರು ಆಸರೆಯಾಗುತ್ತಿದ್ದಾರೆ. ಸಮಾನ ದುಃಖಿಗಳು ಊರ ಗಡಿ ದಾಟಿ ಕೂಡಿಕೊಳ್ಳುವುದು ಸಣ್ಣ ಮಾತಲ್ಲ. ಇದನ್ನು ಹಳಿಯುವುದು ಈ ಲೇಖನದ ಉದ್ದೇಶವೂ ಅಲ್ಲ. ನಾನು ವಿಮರ್ಶಿಸಹೊರಟಿರುವುದು ಆ ಬಳಗಗಳಲ್ಲಿ ಪ್ರತಿಯೊಂದು ಬರಹದ ಕೆಳಗೂ ಕಾದು ಕುಳಿತಿರುವ ಒಂದು ಪುಟ್ಟ ಗುಂಡಿಯನ್ನು. ಒಮ್ಮೆ ಬೆರಳಿಟ್ಟರೆ ಮೆಚ್ಚುಗೆ ಸಂದಿತು. ಎಷ್ಟು ಮಂದಿ ಮೆಚ್ಚಿದರೆಂಬ ಲೆಕ್ಕವೂ ಪಕ್ಕದಲ್ಲಿ ಮೂಡಿತು. ಸಂತೋಷದ ಚಿತ್ರಗಳಿಗೆ ಇದು ಇರಲಿ. ಸಂಕಟದಲ್ಲಿರುವವರು ಕೂಡುವ ಕಡೆ ಇದು ಇರಬೇಕೆ?

ಈ ಗುಂಡಿಯ ಪೂರ್ವೋತ್ತರವನ್ನು ಸಂಕ್ಷೇಪವಾಗಿ ಹೇಳಬೇಕು. ಫ್ರೆಂಡ್‌ಫೀಡ್ ಎಂಬ ತಾಣದಲ್ಲಿ ಇದು 2007ರಲ್ಲಿಯೇ ಇತ್ತು. ಫೇಸ್‌ಬುಕ್ಕಿನಲ್ಲಿ ‘ಲೈಕ್’ ಎಂಬ ಹೆಸರಿನಿಂದ ಕಾಣಿಸಿಕೊಂಡದ್ದು 2009ರ ಫೆಬ್ರವರಿಯಲ್ಲಿ. ಒಂದೇ ಬಗೆಯ ಚುಟುಕು ಅಭಿನಂದನೆಗಳು ಸಾಲುಗಟ್ಟಿ ಬೀಳುವುದನ್ನು ತಪ್ಪಿಸುವುದು ಅದನ್ನು ರೂಪಿಸಿದವರ ಉದ್ದೇಶಗಳಲ್ಲಿ ಒಂದಾಗಿತ್ತು. ಆದರೆ ಮನುಷ್ಯರು ಹುಟ್ಟುಹಬ್ಬಗಳನ್ನು ಮಾತ್ರ ಬರೆಯುವುದಿಲ್ಲವಷ್ಟೆ. ಮರಣವಾರ್ತೆಯ ಕೆಳಗೆ ಎತ್ತಿದ ಹೆಬ್ಬೆರಳು ಏನನ್ನು ಹೇಳುತ್ತದೆ ಎಂಬ ಪ್ರಶ್ನೆ ಬಂದೇ ಬಂದಿತು. ದುಃಖದ ಕ್ಷಣಗಳಿಗೆ ಒಗ್ಗುವ ಗುಂಡಿಯೊಂದು ಬೇಕೆಂದು ಆ ಸಂಸ್ಥೆಯ ಮುಖ್ಯಸ್ಥ ಮಾರ್ಕ್ ಝುಕರ್‌ಬರ್ಗ್ 2015ರಲ್ಲಿ ಒಪ್ಪಿಕೊಂಡರು. 2016ರಲ್ಲಿ ಪ್ರೀತಿ, ನಗು, ಬೆರಗು, ದುಃಖ, ಕೋಪಗಳೆಂಬ ಐದು ಮುಖಗಳು ಸೇರಿದವು. ಕೊರೋನಾ ಕಾಲದ 2020ರಲ್ಲಿ ಹೃದಯವನ್ನು ತಬ್ಬಿಕೊಂಡ ಮುಖವೊಂದು ಬಂದಿತು. ವಾಟ್ಸ್‌ಆಪ್‌ಗೆ 2022ರಲ್ಲಿ ಇದೇ ಸೌಕರ್ಯ ಬಂದು, ಈಗ ನಮ್ಮ ಬಸದಿಗಳ, ಟ್ರಸ್ಟುಗಳ, ಕುಟುಂಬಗಳ ಬಳಗಗಳಲ್ಲಿಯೂ ಅದೇ ವ್ಯವಹಾರ ನಡೆಯುತ್ತಿದೆ. ಮುಖಗಳು ಹೆಚ್ಚಿದವು, ದೋಷ ಕಳೆಯಲಿಲ್ಲ. ಓದಿದೆನೆನ್ನುವುದು, ಮರುಗಿದೆನೆನ್ನುವುದು, ಒಪ್ಪಿದೆನೆನ್ನುವುದು, ಈ ಮೂರು ಬೇರೆಬೇರೆ ಭಾವಗಳು ಇಂದಿಗೂ ಒಂದೇ ಒತ್ತಿನಲ್ಲಿ ಕಲಸಿಹೋಗುತ್ತವೆ.

ಕಲಸಿಹೋದರೆ ನಷ್ಟವೇನು ಎಂದು ಕೇಳುವವರಿಗೆ ಕೆನಡಾ ದೇಶದ ಒಂದು ಪ್ರಸಂಗವನ್ನು ಹೇಳಬೇಕು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬುದು ನರಗಳ ಹೊದಿಕೆಯನ್ನು ಸ್ವಂತ ದೇಹವೇ ಹಾಳುಮಾಡುವ ದೀರ್ಘ ವ್ಯಾಧಿ. ಕುತ್ತಿಗೆಯ ರಕ್ತನಾಳಗಳು ಇರುಕಾಗಿ, ಮೆದುಳಿನಿಂದ ರಕ್ತ ಸರಾಗವಾಗಿ ಇಳಿಯದಿರುವುದೇ ಇದರ ಮೂಲವೆಂದು ಇಟಲಿಯ ವೈದ್ಯ ಪಾವೊಲೊ ಝಂಬೋನಿ 2009ರಲ್ಲಿ ಪ್ರತಿಪಾದಿಸಿದರು. ಅವರ ಪತ್ನಿಯೂ ಈ ರೋಗಕ್ಕೆ ತುತ್ತಾದವರು. ಅವರ ಕಳಕಳಿಯನ್ನು ಯಾರೂ ಶಂಕಿಸಲಾರರು. ನಾಳದೊಳಗೆ ಬಲೂನು ಉಬ್ಬಿಸಿ ಹಿಗ್ಗಿಸುವ ಈ ಚಿಕಿತ್ಸೆಗೆ ‘ಲಿಬರೇಶನ್’, ಎಂದರೆ ವಿಮೋಚನೆ, ಎಂಬ ಹೆಸರು ಬಿದ್ದಿತು. ಆ ವರ್ಷದ ನವೆಂಬರಿನಲ್ಲಿ ಕೆನಡಾದ ದೂರದರ್ಶನದಲ್ಲಿ ಈ ವಿಷಯ ಬಂದ ಮೇಲೆ ಫೇಸ್‌ಬುಕ್ಕಿನಲ್ಲಿ ನೂರಾರು ಪುಟಗಳೂ ಬಳಗಗಳೂ ಹುಟ್ಟಿಕೊಂಡವು. ತಮ್ಮ ದೇಶದ ವೈದ್ಯರು ತಡೆಯಿರಿ, ಪರೀಕ್ಷೆಯಾಗಲಿ ಎಂದರೆ, ರೋಗಿಗಳು ಸಾಲ ಮಾಡಿ ಪೋಲೆಂಡ್, ಮೆಕ್ಸಿಕೊ, ಕೋಸ್ಟರಿಕಾಗಳಿಗೆ, ನಮ್ಮ ಭಾರತಕ್ಕೂ ಹೊರಟರು. ಮರಳಿ ಬಂದವರು ತಾವು ನಡೆದಾಡುವ ಚಿತ್ರಗಳನ್ನು ತೋರಿಸಿದರು. 2010ರಲ್ಲಿ ಕೋಸ್ಟರಿಕಾದಲ್ಲಿ ಚಿಕಿತ್ಸೆ ಪಡೆದ ಕೆನಡಾದ ರೋಗಿಯೊಬ್ಬರು ಅದರ ತೊಡಕುಗಳಿಂದ ತೀರಿಕೊಂಡರು. 2012ರಲ್ಲಿ ಅಮೆರಿಕೆಯ ಔಷಧ ನಿಯಂತ್ರಣಾಧಿಕಾರಿಗಳು ಎಚ್ಚರಿಕೆ ಹೊರಡಿಸಿದರು. ಕೊನೆಗೆ ಕೆನಡಾದಲ್ಲಿ 104 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ 2017ರಲ್ಲಿ ಪ್ರಕಟವಾದಾಗ, ನಾಳ ಹಿಗ್ಗಿಸಿದವರಿಗೂ ಹಿಗ್ಗಿಸಿದಂತೆ ತೋರಿಸಿದವರಿಗೂ ವ್ಯತ್ಯಾಸ ಕಾಣಲಿಲ್ಲ. ಝಂಬೋನಿಯವರೇ ಮುಂದಾಗಿ ಇಟಲಿಯಲ್ಲಿ ನಡೆಸಿದ ಪರೀಕ್ಷೆಯೂ ಅದನ್ನೇ ಹೇಳಿತು. ಅದನ್ನು ಮುಚ್ಚಿಡದೆ ಪ್ರಕಟಿಸಿದ್ದು ಅವರ ದೊಡ್ಡತನ.

ಗುಂಡಿಯೇ ಆ ರೋಗಿಗಳನ್ನು ವಿಮಾನ ಹತ್ತಿಸಿತೆಂದರೆ ಅತಿಶಯೋಕ್ತಿಯಾದೀತು. ಹತಾಶೆ ಹತ್ತಿಸಿತು, ಆಸೆ ಹತ್ತಿಸಿತು. ಆದರೆ ಇಂಥ ಚಿತ್ರವೊಂದರ ಕೆಳಗೆ ಬೆರಳೊತ್ತಿದವನ ಮನಸ್ಸನ್ನು ಪರಿಶೀಲಿಸಿರಿ. ಗೆಳತಿ ನಡೆದಳಲ್ಲ ಎಂಬ ಪ್ರಮೋದ ಅವನದು, ಅದು ನಿರ್ದೋಷವಾದದ್ದು. ಆದರೆ ಸಂಖ್ಯೆಯನ್ನು ಮಾತ್ರ ಕಾಣುವ ಮುಂದಿನ ರೋಗಿಗೆ ಅದು ಚಿಕಿತ್ಸೆಗೆ ಬಿದ್ದ ಮತವಾಗಿಯೇ ತೋರುತ್ತದೆ. ಇಷ್ಟೇ ಅಲ್ಲ, ಹೆಚ್ಚು ಒತ್ತು ಬಿದ್ದ ಬರಹವನ್ನು ಹೆಚ್ಚು ಮಂದಿಯ ಕಣ್ಣಿಗೆ ಬೀಳಿಸುವುದು ಇಂಥ ತಾಣಗಳ ಯಂತ್ರಗಳ ರೀತಿ. ನನ್ನ ಒಪ್ಪಿಗೆ ನನ್ನಲ್ಲಿಯೇ ನಿಲ್ಲದೆ ಮತ್ತೊಬ್ಬರನ್ನು ತಳ್ಳುವ ಕೈಯಾಗುತ್ತದೆ. ಶಾಸ್ತ್ರ ಬೇರೆಬೇರೆಯಾಗಿ ಎಣಿಸಿದ ಅನುಮತವೂ ಕಾರಿತವೂ ಇಲ್ಲಿ ಒಂದಾಗಿಬಿಡುತ್ತವೆ. ಈ ಗುಂಡಿಯ ಮೇಲಿನ ನನ್ನ ಮುಖ್ಯ ಆಕ್ಷೇಪ ಇದೇ. ಬರೆದವರ ಮಾನಕಷಾಯಕ್ಕೆ ಈ ಎಣಿಕೆ ಎರೆಯುವ ನೀರು, ಒಂದೂ ಒತ್ತು ಬೀಳದ ಬರಹದವರಿಗೆ ಆಗುವ ಕೊರಗು, ಇವೆಲ್ಲ ಅದರ ಹಿಂದಿನಿಂದ ಬರುವಂಥವು.

ಪರದೇಶದ ಕಥೆ ಸಾಕು. 2023ರ ದಶಲಕ್ಷಣ ಪರ್ವದಲ್ಲಿ ನಡೆದದ್ದನ್ನು ಸಂಕೋಚದಿಂದಲೇ ಹೇಳುತ್ತೇನೆ. ನಮ್ಮ ಕುಟುಂಬದಲ್ಲಿಯೂ ನೆಂಟರಲ್ಲಿಯೂ ಮಧುಮೇಹ ಇರುವವರು ಕೂಡಿ ವಾಟ್ಸ್‌ಆಪ್‌ನಲ್ಲಿ ಒಂದು ಬಳಗ ಮಾಡಿಕೊಂಡಿದ್ದೇವೆ. ಪರ್ವದ ಮೊದಲ ದಿನ ನನ್ನ ಸೋದರಮಾವ, ಎಪ್ಪತ್ತು ದಾಟಿದವರು, ಹತ್ತು ದಿನವೂ ಏಕಾಶನ ಕೈಗೊಂಡಿರುವುದಾಗಿಯೂ, ಅಷ್ಟು ದಿನ ಮಾತ್ರೆ, ಇನ್ಸುಲಿನ್ ಎರಡನ್ನೂ ಬಿಟ್ಟಿರುವುದಾಗಿಯೂ ಬರೆದರು. ಕ್ಷಣಾರ್ಧದಲ್ಲಿ ಜೋಡಿಸಿದ ಕೈಗಳೂ ಎತ್ತಿದ ಹೆಬ್ಬೆರಳುಗಳೂ ಬಂದವು. ಒಟ್ಟು 22, ಅವುಗಳಲ್ಲಿ ಒಂದು ನನ್ನದು. ನಾನು ಮೆಚ್ಚಿದ್ದು ವ್ರತವನ್ನು. ಔಷಧದ ಮಾತನ್ನು ಓದಿದೆನೋ ಇಲ್ಲವೋ ಈಗಲೂ ಹೇಳಲಾರೆ. ಆರನೆಯ ದಿನ ಅವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಬದುಕಿದರು. ನೋಡಲು ಹೋದಾಗ ಹೆಚ್ಚೇನೂ ಆಡಲಿಲ್ಲ. “ನೀನೂ ಒಪ್ಪಿದ್ದೆಯಲ್ಲೋ. ಡಾಕ್ಟರನ್ನ ಕೇಳಿದಿರಾ ಅಂತ ಒಬ್ಬನಾದರೂ ಬರೆದಿದ್ದರೆ ಕೇಳುತ್ತಿದ್ದೆ” ಎಂದರು. ತಪವು ಶಕ್ತಿಯನ್ನು ಅನುಸರಿಸಿರಬೇಕೆಂಬುದು ಷೋಡಶಕಾರಣ ಭಾವನೆಗಳಲ್ಲಿಯೇ ಸೇರಿದೆ. ಅದನ್ನು ಬಲ್ಲ 22 ಮಂದಿ ಅಲ್ಲಿದ್ದೆವು.

ಎಡವುತ್ತಿರುವವರನ್ನು ನಿಲ್ಲಿಸುವ ಸ್ಥಿತಿಕರಣವು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದು. ಅದಕ್ಕೆ ದೃಷ್ಟಾಂತವಾಗಿ ವಾರಿಷೇಣ ಮುನಿಯ ಕಥೆಯನ್ನು ಹೇಳುವುದುಂಟು. ತನ್ನೊಡನೆ ದೀಕ್ಷೆ ಪಡೆದ ಪುಷ್ಪಡಾಲನ ಮನಸ್ಸು ಬಿಟ್ಟುಬಂದ ಮಡದಿಯಲ್ಲಿಯೇ ನೆಟ್ಟಿರುವುದನ್ನು ಆತ ಅರಿತಿದ್ದ. ವರುಷಗಳ ಸಹವಾಸದ ಬಳಿಕ ಅವನನ್ನು ತನ್ನ ಅರಮನೆಗೇ ಕರೆದೊಯ್ದು, ತಾನು ತೊರೆದ ವೈಭವವನ್ನು ಕಣ್ಣಾರೆ ತೋರಿಸಿ ನಾಚುವಂತೆ ಮಾಡಿದ. ಆಸರೆಯೆಂದರೆ ಜೊತೆಯಲ್ಲಿ ನಡೆಯುವುದು, ಕಾಲ ಕೊಡುವುದು, ಸಮಯ ಬಂದಾಗ ಅಹಿತವನ್ನೂ ಆಡುವುದು. ಹೆಬ್ಬೆರಳಿಗೆ ಇದಾವುದೂ ತಿಳಿಯದು.

ಹಾಗೆಂದು ಎಲ್ಲ ಗುಂಡಿಗಳನ್ನೂ ಕಿತ್ತೆಸೆಯಬೇಕೆನ್ನುವವರ ಪಕ್ಷಕ್ಕೆ ನಾನು ಸೇರಲಾರೆ. ಕೈಕಾಲು ಸೋತು ಕಣ್ಣಿನ ಚಲನೆಯಿಂದ ಒಂದೊಂದೇ ಅಕ್ಷರವನ್ನು ಆರಿಸಿ ಬರೆಯುವ ರೋಗಿಗಳಿದ್ದಾರೆ. ಅವರಿಗೆ ಒಂದು ಒತ್ತು ಎಂದರೆ ನಮ್ಮ ಒಂದು ಪುಟದಷ್ಟು. ರಾತ್ರಿಯ ಎರಡು ಗಂಟೆಗೆ ನಿದ್ದೆಯಿಲ್ಲದೆ ಬರೆದವರಿಗೆ, ಬೇರೆ ಯಾರೋ ಎಚ್ಚರವಿದ್ದಾರೆಂಬ ಕುರುಹು ದೊರೆತರೆ ಅದೇ ಒಂದು ಉಪಕಾರ. ಮಾತಿಗೆ ಅಂಜುವ ಹೊಸಬರಿಗೂ ಇದು ಮೊದಲ ಮೆಟ್ಟಿಲು. ಬರೆಯಲೇಬೇಕೆಂದು ಕಟ್ಟುಮಾಡಿದರೆ ಬರುವುದು ‘ಒಳ್ಳೆಯದಾಗಲಿ’ ಎಂಬ ಸವಕಲು ಮಾತು ಎಂಬುದೂ ನಿಜ. ಆದುದರಿಂದ ಓದಿದೆ, ಜೊತೆಗಿದ್ದೇನೆ ಎಂದಷ್ಟೇ ಹೇಳುವ, ಬರೆದವರಿಗೆ ಮಾತ್ರ ಕಾಣುವ, ಎಣಿಕೆಯಿಲ್ಲದ ಗುರುತೊಂದು ಇರಬಹುದು. ಇನ್‌ಸ್ಟಾಗ್ರಾಮ್ 2021ರಿಂದ ಈ ಎಣಿಕೆಯನ್ನು ಮರೆಮಾಡುವ ಆಯ್ಕೆ ಕೊಟ್ಟಿದೆ; ಅಸಾಧ್ಯವಾದುದನ್ನೇನೂ ನಾನು ಕೇಳುತ್ತಿಲ್ಲ. ಔಷಧ, ಚಿಕಿತ್ಸೆ, ವ್ರತ, ಮನೆ ಬಿಡುವ ನಿರ್ಧಾರ ಮುಂತಾದುವನ್ನು ಯಾರಾದರೂ ತಿಳಿಸಿದಾಗ ಮಾತ್ರ ಯಾವ ಗುಂಡಿಯೂ ಇರಕೂಡದು.

ಬಳಗಗಳು ಎಣಿಸಲೇಬಾರದೆಂದೂ ಇದರ ಅರ್ಥವಲ್ಲ. ಎ.ಎಲ್.ಎಸ್. ಎಂಬ ಸ್ನಾಯುಗಳನ್ನು ಸೊರಗಿಸುವ ರೋಗವನ್ನು ಲಿಥಿಯಂ ನಿಧಾನಗೊಳಿಸುತ್ತದೆಂದು 2008ರಲ್ಲಿ ಇಟಲಿಯ ಸಣ್ಣ ಅಧ್ಯಯನವೊಂದು ಹೇಳಿದಾಗ, ಪೇಷೆಂಟ್ಸ್‌ಲೈಕ್‌ಮಿ ಎಂಬ ಅಮೆರಿಕೆಯ ರೋಗಿಬಳಗದ ಹಲವರು ಅದನ್ನು ಸೇವಿಸತೊಡಗಿದರು. ಹೆಸರಿನಲ್ಲಿ ಆ ಪದವಿದ್ದರೂ ಅಲ್ಲಿ ಎಣಿಸಿದ್ದು ಮೆಚ್ಚುಗೆಯನ್ನಲ್ಲ. ಎಷ್ಟು ಪ್ರಮಾಣ ಸೇವಿಸಿದೆ, ನುಂಗುವುದು, ನಡೆಯುವುದು, ಉಸಿರಾಡುವುದು ಹೇಗಿದೆ ಎಂಬುದನ್ನು ಅವರು ನಮೂದಿಸುತ್ತ ಬಂದರು. ಲಿಥಿಯಂ ಸೇವಿಸಿದ 149 ಮಂದಿಯ ದಾಖಲೆಗಳನ್ನು ಸೇವಿಸದ ಸಮಾನಸ್ಥಿತಿಯವರ ದಾಖಲೆಗಳೊಡನೆ ಹೋಲಿಸಿದ ಲೇಖನ 2011ರಲ್ಲಿ ಪ್ರಕಟವಾಯಿತು, ಪ್ರಯೋಜನ ಕಂಡಿರಲಿಲ್ಲ. ಆಸೆ ಕೆಟ್ಟಿತು, ಆದರೆ ತಿಳಿವು ಬಂದಿತು. ಸ್ಕ್ಲೆರೋಸಿಸ್ ರೋಗಿಗಳ ಕಥೆಯ ಪಕ್ಕದಲ್ಲಿ ಇದನ್ನಿಟ್ಟು ನೋಡಬೇಕು.

ನಮ್ಮ ಟ್ರಸ್ಟುಗಳು ವೃದ್ಧರಿಗಾಗಿ, ರೋಗಿಗಳಿಗಾಗಿ ಇಂಥ ಬಳಗಗಳನ್ನು ನಡೆಸುತ್ತಿದ್ದರೆ, ಕಂಪನಿಗಳು ಗುಂಡಿಯನ್ನು ತೆಗೆಯುವವರೆಗೆ ಕಾಯಬೇಕಾಗಿಲ್ಲ. ಔಷಧ, ಉಪವಾಸಗಳ ಬರಹಕ್ಕೆ ಯಾರೂ ಒತ್ತಬಾರದು, ಅಂದಿನ ಸರದಿಯವರು ದೂರವಾಣಿಯಲ್ಲಿ ಮಾತನಾಡಿಸಬೇಕು ಎಂಬ ಕಟ್ಟಳೆ ಸಾಕು. ಇದು ಕಾರ್ಯಕರ್ತರಿಗೆ ಹೊರೆಯಲ್ಲವೇ ಎಂದು ಟ್ರಸ್ಟಿಯೊಬ್ಬರು ಕೇಳಿದರು. ಹೊರೆಯೇ ಹೌದು. ಅದನ್ನು ಹೊರಲು ಜನವಿಲ್ಲದಿದ್ದರೆ ಬಳಗವನ್ನು ಚಿಕ್ಕದಾಗಿ ಇಟ್ಟುಕೊಳ್ಳಬಹುದು.

ನಮ್ಮ ಕುಟುಂಬದ ಬಳಗದಲ್ಲಿ ಈ ಕಟ್ಟಳೆ ಪೂರ್ತಿ ನಿಂತಿಲ್ಲ; ಮರೆತು ಒತ್ತುವವರು ಇದ್ದೇ ಇದ್ದಾರೆ. ಮರುವರ್ಷದ ಪರ್ವಕ್ಕೆ ಮುನ್ನ ಮಾವನವರು ಮತ್ತೆ ಬರೆದರು. ಈ ಸಲ ಅನಂತ ಚತುರ್ದಶಿಯಂದು ಮಾತ್ರ ಏಕಾಶನ, ಇನ್ಸುಲಿನ್ ಬಿಡುವುದಿಲ್ಲ ಎಂದು. ಬರಹದಲ್ಲಿ ಬಂದ ಉತ್ತರಗಳು ಮೂರು. ಅವುಗಳಲ್ಲಿ ಒಂದು, ಆ ದಿನದ ಪ್ರಮಾಣವನ್ನು ಡಾಕ್ಟರು ಎಷ್ಟಕ್ಕೆ ಇಳಿಸಿದ್ದಾರೆಂದು ಕೇಳಿತ್ತು. ಮಾವನವರು ಅದನ್ನು ಕೇಳಿರಲಿಲ್ಲ. ಮರುದಿನ ಹೋಗಿ ಕೇಳಿ ಬಂದರು.